ಒಳಗೆ ಮೀನು ಕಾಯಿಸಬಾರದು

ಉಚ್ಚಿಲದ ಪೈಂಟರ್ ಗುಣಪಾಲ ಅಡುಗೆಮನೆಯ ಕಪಾಟುಗಳಿಗೆ ಹತ್ತು ವರ್ಷದ ಗ್ಯಾರಂಟಿ ಕೊಡುತ್ತಿದ್ದ. ಕಾಗದದಲ್ಲಿ ಅಲ್ಲ, ಬಾಯಲ್ಲಿ. ಕೆಲಸ ಮುಗಿದ ದಿನ ಕೈಕಾಲು ತೊಳೆದು, ಶರ್ಟು ಬದಲಾಯಿಸಿ, ಮನೆಯವರನ್ನೆಲ್ಲ ಅಡುಗೆಮನೆಗೆ ಕರೆದು ಸಾಲಾಗಿ ನಿಲ್ಲಿಸುತ್ತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ: "ಹತ್ತು ವರ್ಷಕ್ಕೆ ನಾನು ಜವಾಬ್ದಾರಿ. ಒಂದೇ ಒಂದು ಕಂಡೀಶನ್. ಒಳಗೆ ಮೀನು ಕಾಯಿಸಬಾರದು."

ಕಾಯಿಸುವುದೆಂದರೆ ನಮ್ಮಲ್ಲಿ ಎಣ್ಣೆಯಲ್ಲಿ ಹುರಿಯುವುದು. ಘಟ್ಟದ ಮೇಲಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಇಲ್ಲಿ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಕಡೆ ಹೊಸ ಮನೆ ಕಟ್ಟಿಸುವವರು ಎರಡು ಅಡುಗೆಮನೆ ಕಟ್ಟಿಸುತ್ತಾರೆ. ಒಳಗಿನದು ನೆಂಟರಿಗೆ ತೋರಿಸಲಿಕ್ಕೆ. ಹಿಂದುಗಡೆ ಶೀಟು ಇಳಿಸಿ ಮಾಡಿದ್ದು ಬೇಯಿಸಿ ಉಣ್ಣಲಿಕ್ಕೆ. ಈ ಎರಡನೆಯದಕ್ಕೆ 'ವರ್ಕ್ ಏರಿಯಾ' ಎಂದು ಹೆಸರಿಟ್ಟಿದ್ದಾರೆ. ಹಾಗಾದರೆ ಒಳಗಿನದರಲ್ಲಿ ನಡೆಯುವುದಕ್ಕೆ ಏನು ಹೆಸರು ಎಂದು ಯಾರೂ ಯೋಚಿಸಿದಂತಿಲ್ಲ. ಮೀನಿನ ವಾಸನೆ, ಹೊಗೆ, ಎಣ್ಣೆ, ಹೆಂಗಸರು, ಎಲ್ಲ ಹೊರಗೆ. ಒಳಗೆ ಬಣ್ಣ ಹೊಳೆಯುತ್ತಾ ಇರುತ್ತದೆ. ಗುಣಪಾಲನ ಗ್ಯಾರಂಟಿ ನಿಂತದ್ದು ಈ ವ್ಯವಸ್ಥೆಯ ಮೇಲೆ.

ನನ್ನ ಹೆಸರು ಸುಗಂಧಿ. ಅವನ ಪಕ್ಕದ ಕಾಂಪೌಂಡಿನವಳು. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೇಳು ವರ್ಷ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಗುಣಪಾಲ ನನ್ನ ಮೊದಲ ವರ್ಷದ ವಿದ್ಯಾರ್ಥಿ. ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ, ನೆಪ ಮಾತ್ರ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿತ್ತು. ಈಗ ಅವನಿಗೆ ಐವತ್ತಾರು. ಮಗ್ಗಿ ಈಗಲೂ ಬರುವುದಿಲ್ಲ.

ಯಾರಾದರೂ ಬಣ್ಣ ಎದ್ದಿತೆಂದು ದೂರು ಕೊಟ್ಟರೆ ಅವನು ಬ್ರಷ್ಷು ಹಿಡಿದುಕೊಂಡು ಹೋಗುತ್ತಿರಲಿಲ್ಲ, ಬರಿಗೈಯಲ್ಲಿ ಹೋಗುತ್ತಿದ್ದ. ಮೊದಲು ಕಪಾಟಿನ ಅಂಚಿಗೆ ಮೂಗು ಒಡ್ಡುವುದು. ಆಮೇಲೆ ಒಲೆಯ ಮೇಲಿನ ಕಪಾಟಿನ ತಳಕ್ಕೆ ಬೆರಳು ಉಜ್ಜಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ನೋಡಿ, ನಿಟ್ಟುಸಿರು ಬಿಟ್ಟು, "ಬಂಗುಡೆ" ಎನ್ನುವುದು. ಮನೆಯೊಡತಿ ನೆಲ ನೋಡುತ್ತಾ ನಿಲ್ಲುತ್ತಿದ್ದಳು. ಅಲ್ಲಿಗೆ ದೂರು ಮುಗಿಯಿತು. ಮಲ್ಪೆಯಲ್ಲಿ ಬೋಟುಗಳಿಗೆ ಬಣ್ಣ ಹೊಡೆದು ಬೆಳೆದವನು, ಮೀನು ಮಾರುವವಳನ್ನು ಮದುವೆಯಾದವನು. ಅವನ ಮೂಗಿನ ಎದುರು ಸುಳ್ಳು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಪುವಿನ ಮೇಬಲ್ ಬಾಯಿ ಎಂಬ ಗಿರಾಕಿ ಒಬ್ಬರೇ ಎದುರು ನಿಂತಿದ್ದರು. "ನಾನು ಒಳಗೆ ಮೀನು ಮುಟ್ಟಲೇ ಇಲ್ಲ ಗುಣಪಾಲ. ಹುರಿದದ್ದು ಕೋಳಿ," ಎಂದು ವಾದಿಸಿದರಂತೆ. ಗುಣಪಾಲ ಒಂದು ಗಳಿಗೆ ಯೋಚಿಸಿ, "ಮೀನು ಅಂದರೆ ಮೀನಿನಂಥದ್ದೂ ಅದರಲ್ಲಿ ಸೇರ್ತದೆ ಬಾಯಿ," ಎಂದುಬಿಟ್ಟ. ಉಡುಪಿಯಲ್ಲಿ ಬೆಳ್ಳುಳ್ಳಿಯನ್ನೂ ಮನೆಯೊಳಗೆ ತರದ ಒಂದು ಕುಟುಂಬಕ್ಕೆ ಕೆಲಸ ಮಾಡಿಕೊಟ್ಟಾಗ ಕಂಡೀಶನ್ನು 'ಒಳಗೆ ಒಗ್ಗರಣೆ ಸಿಡಿಸಬಾರದು' ಎಂದಾಯಿತು. ಆ ಮನೆಯವರು ಸಾಸಿವೆ ಡಬ್ಬಿ ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಾರೆಂದು ಕೇಳಿ ನಾನು ಒಂದು ವಾರ ನಕ್ಕಿದ್ದೇನೆ.

ನಗುವ ಅಧಿಕಾರ ನನಗೆ ಇರಲಿಲ್ಲ, ಅದು ಬೇರೆ ಮಾತು. ನನ್ನ ಮನೆಯಲ್ಲಿ ಅಡುಗೆಮನೆ ಇರುವುದು ಒಂದೇ. ಅಲ್ಲಿಯೂ ಇವನೇ ಬಣ್ಣ ಹೊಡೆದದ್ದು. ಮೂರನೆಯ ಮಳೆಗಾಲದಲ್ಲಿ ಕಪಾಟಿನ ಎರಡು ಬಾಗಿಲುಗಳ ಹಿಡಿಯ ಸುತ್ತ ಬಣ್ಣ ಸುಲಿಯಿತು. ಇವನು ಬಂದು, ಮೂಸಿ, "ಬೂತಾಯಿ, ಟೀಚರ್. ಮೊನ್ನೆ ಗುರುವಾರದ್ದು," ಎಂದ. ದಿನವೂ ಸರಿಯಿತ್ತು! ಅವತ್ತು ಅವನ ಹೆಂಡತಿ ಹರಿಣಾಕ್ಷಿಯೇ ನನಗೆ ಬೂತಾಯಿ ಮೀನು ಕೊಟ್ಟಿದ್ದಳು ಎಂದು ಹೊಳೆದದ್ದು ಅವನು ಹೋದ ಮೇಲೆ. ಟೀಚರ್ ಆದ ಕಾರಣ ಆ ಎರಡು ಬಾಗಿಲಿಗೆ ಪುಕ್ಕಟೆ ಬಣ್ಣ ಹೊಡೆದುಕೊಟ್ಟ. ಬದಲಿಗೆ ನಾನು ಒಂದು ಉಪಕಾರ ಮಾಡಬೇಕಿತ್ತು. ಹೊಸ ಗಿರಾಕಿಗಳು ಅವನ ಮನೆಗೆ ಕೆಲಸದ ನಮೂನೆ ನೋಡಲು ಬಂದಾಗ ನಾನು ಅಕಸ್ಮಾತ್ತಾಗಿ ಅಲ್ಲಿಗೆ ಬಂದವಳಂತೆ ಬಂದು, "ಗುಣಪಾಲನ ಕೆಲಸವಾ? ಕಣ್ಣು ಮುಚ್ಚಿ ಕೊಡಬಹುದು," ಎನ್ನಬೇಕು. ಹೀಗೆ ನಾನು ಎಂಟು ವರ್ಷ ಅಕಸ್ಮಾತ್ತಾಗಿ ಹೋಗಿದ್ದೇನೆ. ಮೂವತ್ತೇಳು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದ್ದಕ್ಕೆ ಇದು ಸಣ್ಣ ರಜೆ ಎಂದುಕೊಂಡಿದ್ದೆ.

ಅವನ ಕೆಲಸ ಕೆಟ್ಟದ್ದೆಂದು ಹೇಳಲಾರೆ. ಸೋಡಾಪುಡಿ ನೀರಿನಲ್ಲಿ ಹಳೆ ಜಿಡ್ಡು ತೊಳೆದು, ಕೈ ಸೋಲುವಷ್ಟು ಸ್ಯಾಂಡ್‌ಪೇಪರ್ ಉಜ್ಜಿ, ಪ್ರೈಮರ್ ಕೊಟ್ಟು, ಅದು ಒಣಗುವುದನ್ನು ಒಂದಿಡೀ ದಿನ ಕುಳಿತು ಕಾದು, ಮೂರು ಕೋಟು ಹೊಡೆಯುವವನು. ಅವಸರ ಮಾಡಿದವರ ಮನೆಯಿಂದ ಬ್ರಷ್ಷು ಎತ್ತಿಕೊಂಡು ಬಂದದ್ದೂ ಉಂಟು. ಆದರೆ ಅವನು ಏನು ಮಾಡಿದರೂ ಸಮುದ್ರದಿಂದ ಉಪ್ಪುಗಾಳಿ ಬರುವುದು ನಿಲ್ಲುವುದಿಲ್ಲ. ಕುಚ್ಚಲಕ್ಕಿ ಬೇಯಲು ಗಂಟೆಗಟ್ಟಲೆ ಹಬೆ ಏಳಬೇಕು. ತೆಂಗಿನೆಣ್ಣೆಯ ಕೈ ದಿನಕ್ಕೆ ನಲವತ್ತು ಸಲ ಹಿಡಿ ಮುಟ್ಟುತ್ತದೆ. ಸಿಂಕಿನ ಅಡಿಯಲ್ಲಿ ನೀರು ಜಿನುಗಿ ಪ್ಲೈವುಡ್ ಉಬ್ಬುತ್ತದೆ. ಬಣ್ಣ ಏಳುವಾಗ ಗುಣಪಾಲ ಬಡಗಿ ಡೆನಿಸನನ್ನು ದೂರುತ್ತಾನೆ, ಡೆನಿಸ್ ಗುಣಪಾಲನನ್ನು ದೂರುತ್ತಾನೆ, ಇಬ್ಬರೂ ಸೇರಿ ಅಡುಗೆ ಮಾಡಿದವಳನ್ನು ದೂರುತ್ತಾರೆ.

ಹನ್ನೊಂದು ವರ್ಷದಿಂದ ಒಂದು ಗೀರೂ ಬೀಳದೆ ಉಳಿದದ್ದು ಗುಣಪಾಲನ ಸ್ವಂತ ಮನೆಯ ಅಡುಗೆಮನೆ. ತಿಳಿನೀಲಿ ಬಣ್ಣದ ಎಂಟು ಬಾಗಿಲು, ಹಿತ್ತಾಳೆಯ ಹಿಡಿ, ಗಾಜಿನ ಮೇಲ್ಮೈಯ ಗ್ಯಾಸ್ ಸ್ಟವ್. ಕಂಪೆನಿಯವರು ಅಂಟಿಸಿದ ಸ್ಟಿಕ್ಕರನ್ನು ಸ್ಟವ್ವಿನಿಂದ ಇನ್ನೂ ತೆಗೆದಿರಲಿಲ್ಲ. ಗಿರಾಕಿಗಳನ್ನು ಇಲ್ಲಿಗೆ ಕರೆತಂದು ಸ್ವಿಚ್ಚು ಒತ್ತಿ, ದೇವರ ಗರ್ಭಗುಡಿ ತೋರಿಸುವವನಂತೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. "ಹನ್ನೊಂದು ವರ್ಷ! ಎರಡನೇ ಸಲ ಬ್ರಷ್ಷು ಮುಟ್ಟಿಸಿಲ್ಲ." ಅದು ಸುಳ್ಳಲ್ಲ. ಸೌಟನ್ನೂ ಮುಟ್ಟಿಸಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನ ಹೆಂಡತಿ ಹರಿಣಾಕ್ಷಿ ಬೆಳಿಗ್ಗೆ ಕಾಪುವಿನ ಮಾರ್ಕೆಟ್ಟಿನಲ್ಲಿ ಮೀನು ಮಾರಿ ಮಧ್ಯಾಹ್ನ ಮನೆಗೆ ಬರುವವಳು. ಬಂದವಳೇ ಹಿಂದಿನ ಶೀಟಿನ ಅಡಿ ಹೋಗಿ ಒಲೆ ಹೊತ್ತಿಸಬೇಕು. ಉಪ್ಪು, ಹುಳಿ, ಮೆಣಸು ಎಲ್ಲ ಅಲ್ಲಿಯೇ. ಉಣ್ಣುವುದು ಒಳಗೆ. ಹಿತ್ತಿಲ ಅಂಗಳ ದಾಟಿ, ಎರಡು ಮೆಟ್ಟಿಲು ಹತ್ತಿ, ಸಾರಿನ ಪಾತ್ರೆ, ಅನ್ನದ ಪಾತ್ರೆ, ಕಾಯಿಸಿದ ಮೀನು ಎಂದು ಮೂರು ಸಲ ಓಡಾಡಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದರೆ ಪಾತ್ರೆ ಹಿಡಿಯಲಾಗದು, ಪಾತ್ರೆ ಹಿಡಿದರೆ ಕೊಡೆ ಹಿಡಿಯಲಾಗದು. ಅವಳು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸಾರು ದಾಟಿಸುವುದನ್ನು ನನ್ನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಕಳೆದ ಆಟಿ ತಿಂಗಳಿನ ಜಡಿಮಳೆಯಲ್ಲಿ ಪಾಚಿ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದರು. ಆರು ವಾರ ಮಾರ್ಕೆಟ್ಟಿಗೆ ಹೋಗಲಿಲ್ಲ. ಗುಣಪಾಲ ಆ ಆರು ವಾರ ಹೋಟೆಲಿನಿಂದ ಊಟ ತಂದ, ಅದನ್ನು ಒಳಗಿನ ಅಡುಗೆಮನೆಯಲ್ಲಿ ಬಿಚ್ಚಲಿಕ್ಕೂ ಬಿಡಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಅವಳು ನನ್ನ ಜಗಲಿಯಲ್ಲೇ ಕುಳಿತು ಅವನಿಗೆ ಹೇಳಿದಳು: "ಇನ್ನು ನಾನು ಒಳಗೇ ಅಡುಗೆ ಮಾಡುವುದು. ಮನೆ ಕಟ್ಟಿದ್ದು ಮನುಷ್ಯರಿಗಲ್ವಾ?"

ಗುಣಪಾಲ ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. "ಇದೊಂದು ಮಣಿಪಾಲದ ಕಂತ್ರಾಟು ಆಗಿಬಿಡಲಿ ಮಾರಾಯ್ತಿ. ಹದಿನಾರು ಫ್ಲ್ಯಾಟು ಉಂಟು, ಹದಿನಾರು ಅಡುಗೆಮನೆ. ಅವರು ಬಂದು ನೋಡಿ ಹೋದ ಮೇಲೆ ನೀನು ಒಳಗೆ ತಿಮಿಂಗಿಲವನ್ನೇ ಕಾಯಿಸು, ನಾನು ಕೇಳುವುದಿಲ್ಲ."

ಅದಕ್ಕೆ ಮೊದಲು ಪಡುಬಿದ್ರಿಯ ಮನೆ ಆಗಲಿ ಎಂದಿದ್ದ. ಅದಕ್ಕೂ ಮೊದಲು ಮೂಳೂರಿನದ್ದು. ಹರಿಣಾಕ್ಷಿಗೆ ಪಟ್ಟಿ ಬಾಯಿಪಾಠವಾಗಿತ್ತು. ಆದರೂ ಒಪ್ಪಿದಳು. ಯಾಕೆ ಒಪ್ಪಿದೆ ಎಂದು ಆಮೇಲೆ ಕೇಳಿದ್ದಕ್ಕೆ, "ಪ್ರತಿ ಸಲ ಇದೇ ಕೊನೆಯ ಸಲ ಅಂತಿದ್ದರು, ಈ ಸಲ ಹಾಗೆ ಹೇಳಲಿಲ್ಲ ಟೀಚರ್. ಅದಕ್ಕೇ ನಂಬಿದೆ," ಎಂದಳು.

ಗಿರಾಕಿ ಕಾರ್ಕಳದ ಹತ್ತಿರದ ಕುಕ್ಕುಂದೂರಿನವರು. ಸರ್ವೋತ್ತಮ ಎಂದು ಹೆಸರು. ಬಹ್ರೇನಿನಲ್ಲಿ ಇಪ್ಪತ್ತೈದು ವರ್ಷ ಇದ್ದು ಬಂದು ಮಣಿಪಾಲದಲ್ಲಿ ಬಾಡಿಗೆಯ ಫ್ಲ್ಯಾಟು ಕಟ್ಟಿಸುತ್ತಿದ್ದರು, ಕುಕ್ಕುಂದೂರಿನಲ್ಲಿ ಸ್ವಂತದ ಹೊಸ ಮನೆ. ಬಣ್ಣದ ವಿಷಯ ಹೆಂಡತಿಗೆ ಬಿಟ್ಟದ್ದು ಎಂದು ಅವರೇ ಫೋನಿನಲ್ಲಿ ಹೇಳಿದ್ದರು. ಗುಣಪಾಲನಿಗೆ ಅದು ಕೇಳಿ ಖುಷಿಯಾಗಿತ್ತು. ಹೆಂಗಸರಿಗೆ ಬಣ್ಣ ತೋರಿಸಿದರೆ ಸಾಕು ಎಂದು ಅವನ ಲೆಕ್ಕಾಚಾರ.

ದೀಪಾವಳಿ ಕಳೆದ ಮೇಲಿನ ಭಾನುವಾರ ಹತ್ತು ಗಂಟೆಗೆ ಕಾರು ಬಂತು. ನಾನು ಹತ್ತೂ ಐದಕ್ಕೆ ಅಕಸ್ಮಾತ್ತಾಗಿ ಹೋದೆ. ಸರ್ವೋತ್ತಮರು ಜಗಲಿಯಲ್ಲೇ ಕುರ್ಚಿ ಹಿಡಿದು ಮೊಬೈಲು ತೆಗೆದರು. ಅವರ ಹೆಂಡತಿ ಕುಶಲಾ ಒಳಗೆ ಬಂದರು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಬಂದಿದ್ದರು. ಗುಣಪಾಲ ಸ್ವಿಚ್ಚು ಒತ್ತಿ ಪಕ್ಕಕ್ಕೆ ಸರಿದ. ನಾನು ನನ್ನ ಮಾತು ಹೇಳಿದೆ. ಹರಿಣಾಕ್ಷಿ ಬಾಗಿಲ ಹತ್ತಿರ ನಿಂತಿದ್ದಳು.

"ಚಂದ ಉಂಟು," ಎಂದರು ಕುಶಲಾ. ಗುಣಪಾಲ ಅರ್ಧ ಅಡಿ ಎತ್ತರವಾದ.

"ಹನ್ನೊಂದು ವರ್ಷ ಅಕ್ಕ. ಎರಡನೇ ಸಲ ಬ್ರಷ್ಷು..."

"ಉಪ್ಪಿನ ಡಬ್ಬಿ ಎಲ್ಲಿ ಉಂಟು?"

ಎಂಟು ವರ್ಷಗಳಲ್ಲಿ ಯಾವ ಗಿರಾಕಿಯೂ ಕೇಳದ ಪ್ರಶ್ನೆ. ಬಂದವರೆಲ್ಲ ಬಣ್ಣದ ನಂಬರು ಕೇಳಿದ್ದರು, ಹಿಡಿಯ ಅಂಗಡಿ ಕೇಳಿದ್ದರು. ಗುಣಪಾಲ ಕಣ್ಣು ಮಿಟುಕಿಸಿದ.

"ಉಪ್ಪು... ನಮಗೆ ಬಿಪಿ ಉಂಟು ಅಕ್ಕ."

"ಇಬ್ಬರಿಗೂ?"

"ಇಬ್ಬರಿಗೂ."

"ಸಾಸಿವೆಗೂ ಬಿಪಿಯಾ? ಅದೂ ಕಾಣುವುದಿಲ್ಲ," ಎನ್ನುತ್ತಾ ಕುಶಲಾ ಒಲೆಯ ಪಕ್ಕದ ಕಪಾಟಿಗೆ ಕೈ ಹಾಕಿದರು. ಬಾಗಿಲು ಬರಲಿಲ್ಲ. ಗುಣಪಾಲ "ನಾನು ತೆಗೀತೇನೆ, ನಾನು ತೆಗೀತೇನೆ," ಎಂದು ಮುಂದೆ ಬಂದ. ಅಷ್ಟರಲ್ಲಿ ಅವರು ಇನ್ನೊಂದು ಕೈಯನ್ನೂ ಸೇರಿಸಿ ಎಳೆದರು. ಚರ್ರ್ ಎಂದು ಸದ್ದಾಯಿತು. ಮಳೆಗಾಲವಿಡೀ ಮುಚ್ಚಿಯೇ ಇದ್ದ ಬಾಗಿಲಿನ ಬಣ್ಣ ಚೌಕಟ್ಟಿನ ಬಣ್ಣಕ್ಕೆ ಅಂಟಿಕೊಂಡಿತ್ತು. ಬಾಗಿಲು ತೆರೆದಾಗ ಚೌಕಟ್ಟಿನ ಬಣ್ಣ ಗೇಣುದ್ದದ ರಿಬ್ಬನ್ನಿನಂತೆ ಸುಲಿದು ಬಾಗಿಲಿನೊಂದಿಗೇ ಬಂತು.

ಒಳಗಿನಿಂದ ಮುಗ್ಗಲು ವಾಸನೆ ಬಂತು. ಕಪಾಟಿನ ಗೋಡೆಗಳಲ್ಲಿ, ತೋರಿಸಲಿಕ್ಕೆಂದೇ ಜೋಡಿಸಿಟ್ಟ ಪಿಂಗಾಣಿ ಬಟ್ಟಲುಗಳ ಮೇಲೆ, ಬೆಳ್ಳಗೆ ಬೂಷ್ಟು ಹಿಡಿದಿತ್ತು. ಕುಶಲಾ ಎರಡನೆಯ ಬಾಗಿಲು ಎಳೆದರು, ಮೂರನೆಯದನ್ನು ಎಳೆದರು. ಎಲ್ಲ ಕಡೆಯೂ ಅದೇ. ಗುಣಪಾಲನಿಗೂ ಇದು ಹೊಸತು. ಹನ್ನೊಂದು ವರ್ಷದಲ್ಲಿ ಅವನು ಆ ಕಪಾಟುಗಳ ಹೊರಮೈಯನ್ನು ದಿನಕ್ಕೊಮ್ಮೆ ನೋಡಿದ್ದ, ಒಳಮೈಯನ್ನು ಒಮ್ಮೆಯೂ ನೋಡಿರಲಿಲ್ಲ.

ಪ್ರತಿ ವರ್ಷ ಮಳೆ ಮುಗಿದ ಕೂಡಲೇ ಎಂಟೂ ಬಾಗಿಲು ಬಿಡಿಸಿ, ಪಾತ್ರೆ ಇಳಿಸಿ, ಒಳಗೆಲ್ಲ ವಿನೆಗರ್ ಬಟ್ಟೆಯಲ್ಲಿ ಒರೆಸಿ ಒಣಗಿಸಿಡುತ್ತಿದ್ದವಳು ಹರಿಣಾಕ್ಷಿ. ಅದು ನನಗೂ ಗೊತ್ತು, ಸೋಡಾಪುಡಿ ಕಡಿಮೆಯಾದರೆ ನನ್ನಲ್ಲಿಗೇ ಬರುತ್ತಿದ್ದಳು. ಈ ವರ್ಷ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನೂ ಯೋಚಿಸಿರಲಿಲ್ಲ.

"ಟೀಚರ್, ನೀವಾದರೂ ಹೇಳಿ," ಎಂದ ಗುಣಪಾಲ. ಮೂರನೆಯ ತರಗತಿಯಲ್ಲಿ ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಹಾಗೆಯೇ ನೋಡಿದ. ನನ್ನ ಬಾಯಿಗೆ ಅಭ್ಯಾಸದ ಮಾತು ಬಂದೇ ಬಂತು. 'ಕಣ್ಣು ಮುಚ್ಚಿ' ಎನ್ನುವಷ್ಟರಲ್ಲಿ ಹರಿಣಾಕ್ಷಿ ಮುಂದೆ ಬಂದಳು.

"ಅಕ್ಕ, ಇದು ಅಡುಗೆಮನೆ ಅಲ್ಲ. ಇದು ಇವರ ಅಂಗಡಿ. ಅಡುಗೆಮನೆ ಹಿಂದೆ ಉಂಟು. ಬನ್ನಿ, ಮೆಟ್ಟಿಲು ಮಾತ್ರ ನೋಡಿ ಇಳಿಯಿರಿ. ನಾನು ಬಿದ್ದದ್ದು ಅಲ್ಲಿಯೇ."

ಧ್ವನಿ ಏರಿಸಲಿಲ್ಲ. ಮಾರ್ಕೆಟ್ಟಿನಲ್ಲಿ ಹಳೆ ಮೀನನ್ನು ಹಳೆ ಮೀನೆಂದೇ ಹೇಳಿ ಮಾರುವವಳು ಅವಳು, ಅಲ್ಲಿ ಹೇಗೆ ಹೇಳುತ್ತಾಳೋ ಹಾಗೆಯೇ ಹೇಳಿದಳು. ಕುಶಲಾ ಇಳಿದು ಹೋದರು. ತೂತು ಬಿದ್ದ ಶೀಟು, ಮಸಿ ಹಿಡಿದ ಎರಡು ಬರ್ನರಿನ ಒಲೆ, ಹಗ್ಗದಲ್ಲಿ ಕಟ್ಟಿದ ಮುರಿದ ಕೊಡೆ, ಅದರ ಅಡಿಯಲ್ಲಿ ಉಪ್ಪಿನ ಡಬ್ಬಿ. ಅದೆಲ್ಲ ನೋಡಿ ವಾಪಸು ಬಂದರು. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳು ಜಾರಿ ಬಿದ್ದಾಗ ಎತ್ತಿ ಕೂರಿಸಿದವಳು ನಾನು. ಅದಾದ ನಾಲ್ಕೇ ತಿಂಗಳಿಗೆ ಅದೇ ಮನೆಯಲ್ಲಿ ನಿಂತು ಸರ್ಟಿಫಿಕೇಟು ಕೊಡುತ್ತಿದ್ದವಳೂ ನಾನೇ.

"ಒಂದು ನಿಮಿಷ ನಮ್ಮಲ್ಲಿಗೆ ಬನ್ನಿ," ಎಂದೆ ಕುಶಲಾರಿಗೆ. "ಬಣ್ಣ ಎಲ್ಲೆಲ್ಲಿ ಏಳ್ತದೆ ಅಂತ ತೋರಿಸ್ತೇನೆ. ನಾನು ಒಳಗೇ ಮೀನು ಕಾಯಿಸುವುದು."

ನನ್ನ ಅಡುಗೆಮನೆಯಲ್ಲಿ ಅವರು ಅರ್ಧ ಗಂಟೆ ಇದ್ದರು. ಎಲ್ಲ ಬಾಗಿಲು ತೆರೆದು ಮುಚ್ಚಿ ನೋಡಿದರು. ಒಲೆಯ ಮೇಲಿನ ಕಪಾಟಿನ ತಳ ಹಳದಿಯಾಗಿ ಗುಳ್ಳೆ ಎದ್ದಿತ್ತು. ಹಿಡಿಗಳ ಸುತ್ತ ಬಣ್ಣ ಹೋಗಿ ಮರ ಕಾಣುತ್ತಿತ್ತು. ಸಿಂಕಿನ ಅಡಿಯ ಬಾಗಿಲು ಉಬ್ಬಿ ಡೊಂಕಾಗಿತ್ತು. ಉಳಿದದ್ದೆಲ್ಲ ಗಟ್ಟಿ, ಒಳಗೆ ಬೂಷ್ಟಿನ ಸುಳಿವಿಲ್ಲ. ದಿನಕ್ಕೆ ಹತ್ತು ಸಲ ತೆರೆಯುವ ಕಪಾಟಿಗೆ ಬೂಷ್ಟು ಹಿಡಿಯಲು ಪುರುಸೊತ್ತು ಎಲ್ಲಿ? ಗುಣಪಾಲ ನನ್ನ ಹೊಸ್ತಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ, ಮೂಸಲೂ ಇಲ್ಲ.

"ಮೊದಲು ಎಂತದಕ್ಕೆ ಬಣ್ಣ ಹೊಡೀತಾ ಇದ್ದದ್ದು ನೀವು?" ಎಂದು ಕುಶಲಾ ಅವನನ್ನು ಕೇಳಿದರು.

"ಬೋಟಿಗೆ. ಮಲ್ಪೆಯಲ್ಲಿ."

"ಅದಕ್ಕೆ ಎಷ್ಟು ವರ್ಷ ಗ್ಯಾರಂಟಿ?"

"ಬೋಟಿಗೆ ಎಂತ ಗ್ಯಾರಂಟಿ ಅಕ್ಕ! ಪ್ರತಿ ಮಳೆಗಾಲ ಮೇಲೆ ಎಳೀತಾರೆ. ಕೆರೆದು, ತೂತು ಮುಚ್ಚಿ, ಮತ್ತೆ ಹೊಡೀಬೇಕು. ಅದು ನೀರಿನಲ್ಲಿ ದುಡಿಯುವುದಲ್ವಾ?"

"ಮತ್ತೆ ನಾವು ಅಡುಗೆಮನೆಯಲ್ಲಿ ಎಂತ ಮಾಡುವುದು ಅಂತ ಗ್ರಹಿಸಿದ್ದೀರಿ?"

ಗುಣಪಾಲನಿಗೆ ನೆಪ ಹೊಳೆಯದೇ ಇದ್ದದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು.

ಮಣಿಪಾಲದ ಹದಿನಾರು ಅಡುಗೆಮನೆ ಕೈಬಿಟ್ಟು ಹೋಯಿತು. ಬಾಡಿಗೆಗೆ ಬರುವ ಕಾಲೇಜು ಮಕ್ಕಳಿಗೆ ಬಣ್ಣವೇ ಬೇಡ, ಲ್ಯಾಮಿನೇಟ್ ಅಂಟಿಸಿದರೆ ಸಾಕೆಂದು ಸರ್ವೋತ್ತಮರು ಕುರ್ಚಿಯಿಂದ ಏಳದೆಯೇ ತೀರ್ಮಾನಿಸಿದರು. ಆದರೆ ಕಾರು ಹತ್ತುವ ಮೊದಲು ಕುಶಲಾ ಒಂದು ಮಾತು ಹೇಳಿದರು. "ನಮ್ಮ ಕುಕ್ಕುಂದೂರಿನ ಅಡುಗೆಮನೆಗೆ ನೀವೇ ಬನ್ನಿ. ಗ್ಯಾರಂಟಿ ಬೇಡ. ಬರುವ ಮೊದಲು ಹೆಂಗಸು ಅಡುಗೆ ಮಾಡುವುದನ್ನು ಒಂದು ದಿನ ಕೂತು ನೋಡಿ. ಎಲ್ಲಿ ಕೈ ಬೀಳ್ತದೆ, ಎಲ್ಲಿ ಹಬೆ ತಾಗ್ತದೆ ಅಂತ ಗೊತ್ತಿಲ್ಲದವರು ಹೊಡೆದ ಬಣ್ಣ ನನಗೆ ಬೇಡ."

ಅವತ್ತು ಮಧ್ಯಾಹ್ನ ಹರಿಣಾಕ್ಷಿ ಯಾರ ಅಪ್ಪಣೆಗೂ ಕಾಯದೆ ಸ್ಟವ್ವಿನ ಸ್ಟಿಕ್ಕರನ್ನು ಉಗುರಿನಿಂದ ಕಿತ್ತಳು. ಗ್ಯಾಸಿನ ಸಿಲಿಂಡರನ್ನು ಹೊರಗಿನಿಂದ ಉರುಳಿಸಿಕೊಂಡು ಬಂದದ್ದು ಗುಣಪಾಲ. ಉರುಳಿಸುವಾಗ ಒಂದು ಬಾಗಿಲಿಗೆ ತಾಗಿಸಿ ಬಣ್ಣ ಹಾರಿಸಿದ್ದೂ ಅವನೇ. ಬಂಗುಡೆ ಬಾಣಲೆಗೆ ಬಿದ್ದ ಸದ್ದಿಗೆ ಅವನು ಹಳೆ ಲುಂಗಿಯನ್ನು ಬಿಡಿಸಿ ಕಪಾಟಿನ ಎದುರು ಅಡ್ಡ ಹಿಡಿದನಂತೆ. "ಲುಂಗಿ ಕೆಳಗೆ ಇಡಿ, ಬೆಂಕಿ ಹಿಡೀತದೆ," ಎಂದು ಅವಳು ಬೈದದ್ದು ನನ್ನ ಮನೆಗೂ ಕೇಳಿಸಿತು.

ಮೂರು ದಿನ ಗುಣಪಾಲ ನನ್ನೊಡನೆ ಮಾತು ಬಿಟ್ಟ. ನಾಲ್ಕನೆಯ ದಿನ ಬೇಲಿಯ ಹತ್ತಿರ ನಿಂತು, "ಟೀಚರ್, ಒಂದು ಪೆನ್ಸಿಲ್ ಉಂಟಾ?" ಎಂದ. ಕುಕ್ಕುಂದೂರಿಗೆ ಹೋಗುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಾನಂತೆ. ಬೇರೆಯವರ ಮನೆಯ ಹೆಂಗಸು ಅಡುಗೆ ಮಾಡುವುದನ್ನು ಕಣ್ಣು ಬಿಟ್ಟು ನೋಡಲಿಕ್ಕೆ ಅವನಿಗೆ ಸಂಕೋಚ. ತನ್ನ ಹೆಂಡತಿಯದನ್ನು ನೋಡಲು ಮೂವತ್ತು ವರ್ಷ ಸಮಯವಿತ್ತಲ್ಲ ಎಂದು ನಾನು ಕೇಳಲಿಲ್ಲ. ಪೆನ್ಸಿಲ್ ಕೊಟ್ಟೆ, ಜೊತೆಗೆ ನಾನೂ ಹೋದೆ. ಈ ಸಲ ಅಕಸ್ಮಾತ್ತಾಗಿ ಅಲ್ಲ.

ಬುಧವಾರ. ಅಷ್ಟರಲ್ಲಿ ಬೂಷ್ಟು ಒರೆಸಿದ ಕಪಾಟುಗಳಿಗೆ ಹಿಂದಿನ ಡಬ್ಬಿಗಳೆಲ್ಲ ಬಂದು ಸೇರಿದ್ದವು. ಹರಿಣಾಕ್ಷಿ ಮಾರ್ಕೆಟ್ಟಿನಿಂದ ಬಂದು ಕೈಕಾಲು ತೊಳೆದು ಅಡುಗೆಗೆ ನಿಂತಳು. ಗುಣಪಾಲ ಮೂಲೆಯಲ್ಲಿ ಸ್ಟೂಲು ಹಾಕಿ ಕುಳಿತ. ಅವಳು ಮುಟ್ಟಿದ ಬಾಗಿಲಿಗೆಲ್ಲ ಎದ್ದು ಹೋಗಿ ಕೈ ಬಿದ್ದ ಜಾಗದಲ್ಲೇ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುವುದು, ಬಂದು ಕೂರುವುದು. "ಇದೆಂತ ನಾಟಕ," ಎಂದು ಅವಳು ನಕ್ಕಳು. ತೆಂಗಿನಕಾಯಿ ತುರಿಯಲು ನನ್ನನ್ನು ಕೂರಿಸಿದಳು. ತಾನು ಮೆಣಸು ತೆಗೆದಳು, ಹುಳಿ ತೆಗೆದಳು, ಅಕ್ಕಿ ತೆಗೆದಳು, ಬಾಣಲೆ ತೆಗೆದಳು. ಗೀಟುಗಳು ಏರುತ್ತಾ ಹೋದವು. ಗುಣಪಾಲ ಮೊದಮೊದಲು ಚುರುಕಾಗಿದ್ದ. ಆಮೇಲೆ ಎದ್ದು ಹೋಗುವುದು ನಿಧಾನವಾಯಿತು. ಹನ್ನೆರಡನೆಯದೋ ಹದಿಮೂರನೆಯದೋ ಗೀಟಿನ ಹೊತ್ತಿಗೆ ಅವನು ಬಾಗಿಲು ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

ಅವನ ಎಂಟೂ ಬಾಗಿಲಿನ ಹಿಡಿಗಳು ಬಲಗೈಗೆ ಸಿಗುವಂತೆ ಇದ್ದವು. ಅವಳು ಪ್ರತಿ ಸಲ ಒಂದು ಹೆಜ್ಜೆ ಬಲಕ್ಕೆ ಸರಿದು, ಮೈ ತಿರುಗಿಸಿ, ಎಡಗೈಯನ್ನು ಅಡ್ಡ ತಂದು ಎಳೆಯುತ್ತಿದ್ದಳು. ಪೆನ್ಸಿಲಿನ ಗೀಟುಗಳೆಲ್ಲ ಹಿಡಿಯ ತಪ್ಪು ಬದಿಗೆ ಬಿದ್ದಿದ್ದವು. ಅಕ್ಕಿಯ ಪಾತ್ರೆ ಇಳಿಸುವಾಗ ಎಡಗೈಯಲ್ಲಿ ಹಿಡಿದು, ಬಲಗೈಯ ಮೊಣಕೈಯನ್ನು ಮಾತ್ರ ಒತ್ತುಕೊಟ್ಟಳು.

"ಹರಿಣಾಕ್ಷಿ, ಬಲಗೈಗೆ ಎಂತ ಆಗಿದೆ?" ಎಂದ ಗುಣಪಾಲ.

"ಎಂತ ಆಗಿದೆ ಅಂದರೆ? ಆಟಿಯಲ್ಲಿ ಮುರಿದದ್ದೇ."

"ಅದು ವಾಸಿಯಾಯಿತಲ್ಲ."

"ಪ್ಲಾಸ್ಟರ್ ಬಿಚ್ಚಿದರು. ವಾಸಿ ಆಗಿದೆ ಅಂತ ನಾನು ಹೇಳಲಿಲ್ಲ. ಭಾರ ಎತ್ತಲಿಕ್ಕೆ ಆಗುವುದಿಲ್ಲ, ಹಿಡಿದು ಎಳೆಯಲಿಕ್ಕೆ ಆಗುವುದಿಲ್ಲ. ಮಾರ್ಕೆಟ್ಟಿನಲ್ಲಿ ಕತ್ತಿಯೂ ಎಡಗೈಯಲ್ಲೇ."

"ನನ್ನ ಹತ್ರ ಹೇಳಬಾರದಿತ್ತಾ ಮಾರಾಯ್ತಿ?"

ಹರಿಣಾಕ್ಷಿ ಒಲೆಯ ಉರಿ ಸಣ್ಣ ಮಾಡಿದಳು. "ಹೇಳಿದೆ. ಎರಡು ಸಲ ಹೇಳಿದೆ. ನೀವು ಪಡುಬಿದ್ರಿಯ ಮನೆಯಲ್ಲಿ ಪ್ರೈಮರ್ ಒಣಗಿತಾ ಇಲ್ಲವಾ ಅಂತ ಫೋನಿನಲ್ಲಿ ಕೇಳ್ತಾ ಇದ್ದಿರಿ."

ನಾನು ಕಾಯಿ ತುರಿಯುವುದನ್ನು ನಿಲ್ಲಿಸಿರಲಿಲ್ಲ, ಅವರು ನನ್ನನ್ನು ಮರೆತಿರಲಿ ಎಂದು. ಗುಣಪಾಲ ಸ್ಟೂಲಿನಲ್ಲಿ ಕುಳಿತೇ ಇದ್ದ. ಕಣ್ಣು ತುಂಬಿಕೊಂಡಿತ್ತು. ಒರೆಸಿಕೊಂಡು, "ಹೊಗೆ," ಎಂದ. ಇಲ್ಲದ ಹೊಗೆ. ಹರಿಣಾಕ್ಷಿ ಅವನ ಕಡೆ ತಿರುಗಿ ನೋಡಿ, ಮೊದಲ ಸಲ ಆ ಸುಳ್ಳನ್ನು ಹಾಗೆಯೇ ಬಿಟ್ಟಳು.

ಆಮೇಲೆ ಅವನು ಎದ್ದು ಸ್ಕ್ರೂಡ್ರೈವರ್ ತಂದ. ಒಂದೊಂದೇ ಬಾಗಿಲು ಬಿಚ್ಚಿ, ಕೀಲು ಆಚೆ ಬದಿಗೆ, ಹಿಡಿ ಈಚೆ ಬದಿಗೆ ಬದಲಾಯಿಸತೊಡಗಿದ. ಹಳೆ ಸ್ಕ್ರೂಗಳ ತೂತು ಹಾಗೆಯೇ ಬಾಯಿ ಬಿಟ್ಟುಕೊಂಡು ಉಳಿದವು. ಹನ್ನೊಂದು ವರ್ಷ ಕಾಪಾಡಿದ ನೀಲಿ ಬಣ್ಣ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿತ್ತು, ಅವನು ಅದನ್ನು ತುಳಿದುಕೊಂಡೇ ಓಡಾಡಿದ. ಸಾರು ಕುದಿದು ಆರಿತು. ನಾನು ಹಸಿವೆಯೆಂದು ಎರಡು ಸಲ ಹೇಳಿದೆ, ಯಾರೂ ಕಿವಿಗೊಡಲಿಲ್ಲ. ಎಂಟನೆಯ ಬಾಗಿಲು ಕೂರಿಸಿ ಮುಗಿಯುವಾಗ ಗಂಟೆ ನಾಲ್ಕಾಗಿತ್ತು.

"ಈಗ ತೆಗೆದು ನೋಡು," ಎಂದ.

ಹರಿಣಾಕ್ಷಿ ನಿಂತಲ್ಲಿಂದ ಕದಲದೆ ಎಡಗೈ ಚಾಚಿ ಕಪಾಟು ತೆರೆದಳು. ಮೂರು ಬಟ್ಟಲು ತೆಗೆದು ನಮಗೆ ಅನ್ನ ಬಡಿಸಿದಳು.